ನಮ್ಮತ್ತೆಯ ಹೂರಣದ ಬರ್ಗರ್

ನಮ್ಮ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ತಡೆಯಲು ಹೋಗಿ ನೋಡಿದ್ದೇನೆ. ತಡೆಯಲು ಹೋದವನಿಗೇ ಈರುಳ್ಳಿ ಹೆಚ್ಚುವ ಕೆಲಸ ಬೀಳುತ್ತದೆ. ಆದ್ದರಿಂದ ಈಗ ಸುಮ್ಮನೆ ನೋಡುತ್ತೇನೆ.

ನಾವಿರುವುದು ಕಗ್ಗದಾಸಪುರದಲ್ಲಿ. ನಾನು, ಹೆಂಡತಿ, ನಾಲ್ಕನೇ ಕ್ಲಾಸಿನ ಮಗಳು, ಮತ್ತು ದಾವಣಗೆರೆಯಿಂದ ಬಂದು ನಮ್ಮ ಜೊತೆಗಿರುವ ನಮ್ಮತ್ತೆ. ಹೆಂಡತಿ ಆಫೀಸಿಗೆ ಹೋಗುತ್ತಾಳೆ. ನಾನು ಮಿಕ್ಸಿ, ಗೀಸರ್ ಇಂಥವುಗಳ ಕೈಪಿಡಿಗಳನ್ನು ಮನೆಯಲ್ಲೇ ಕೂತು ಕನ್ನಡಕ್ಕೆ ಅನುವಾದಿಸುತ್ತೇನೆ. ಯಾರೂ ಓದುವುದಿಲ್ಲ. ದಿನವಿಡೀ ಮನೆಯಲ್ಲೇ ಇರುವುದರಿಂದ ಕೆಳಗೆ ಹೇಳುವುದಕ್ಕೆಲ್ಲ ನಾನೇ ಸಾಕ್ಷಿ.

ಮಾತು ಕೊಟ್ಟಿದ್ದು

ಮಗಳ ಕ್ಲಾಸಿನ ಹುಡುಗಿಯೊಬ್ಬಳ ಹುಟ್ಟುಹಬ್ಬ ಇಂದಿರಾನಗರದ ಒಂದು ಬರ್ಗರ್ ಅಂಗಡಿಯಲ್ಲಿತ್ತು. ಈಗ ಹುಟ್ಟುಹಬ್ಬಗಳು ಅಲ್ಲೇ ಆಗುವುದು. ಮಗಳನ್ನು ಕರೆದುಕೊಂಡು ಹೋಗುವ ಕೆಲಸ ನನ್ನದು. "ನಾನೂ ಬರ್ತೀನಿ, ಮೆಟ್ರೋದಾಗೆ ಕೂತಂಗೂ ಆಗ್ತೈತಿ" ಎಂದು ಅತ್ತೆಯೂ ಹೊರಟರು.

ಮಕ್ಕಳು ತಿನ್ನತೊಡಗಿದರು. ಹುಟ್ಟುಹಬ್ಬದ ಹುಡುಗಿ ಬರ್ಗರನ್ನು ಎರಡು ಕೈಯಲ್ಲಿ ಹಿಡಿದು ಕಚ್ಚಿದಳು. ಒಳಗಿನ ಪಲ್ಯದ ಬಿಲ್ಲೆ ಹಿಂದಿನಿಂದ ಜಾರಿ, ಸಾಸ್ ಸಮೇತ ಹೊಸ ಫ್ರಾಕಿನ ಮೇಲೆ ಬಿತ್ತು. ಹುಡುಗಿ ಅತ್ತಳು. ಅವಳ ಅಮ್ಮ ಟಿಶ್ಯೂ ಹುಡುಕಿದಳು. ನಮ್ಮತ್ತೆ ಮಾತ್ರ ಆ ಬರ್ಗರನ್ನು ಎತ್ತಿಕೊಂಡು, ಮೇಲಿನ ಹೋಳು ಕೆಳಗಿನ ಹೋಳು ಎರಡನ್ನೂ ತಿರುಗಿಸಿ ನೋಡಿ, ಸೀದಾ ಕೌಂಟರಿಗೆ ಹೋದರು.

"ಏನಪ್ಪಾ, ಇದನ್ನ ಯಾಕೆ ಮುಚ್ಚಿಲ್ಲ?"

"ಮೇಡಂ, ಬರ್ಗರ್ ಹಿಂಗೇ ಇರೋದು."

"ಹಿಂಗೇ ಇರೋದು ಅಂತ ಬಿಟ್ರೆ ಹೆಂಗೆ? ಯಾರಾದ್ರೂ ಹೇಳಬೇಕಲ್ಲ ಅವರಿಗೆ."

ಯಾರಿಗೆ ಎಂದು ಕೌಂಟರಿನ ಹುಡುಗ ಕೇಳಲಿಲ್ಲ. ಜಾಣ.

ವಾಪಸ್ ಬರುವಾಗ ಮೆಟ್ರೋದಲ್ಲೇ ಮಾತು ಕೊಟ್ಟುಬಿಟ್ಟರು. ಮೊಮ್ಮಗಳ ಹುಟ್ಟುಹಬ್ಬ ಮನೆಯಲ್ಲೇ. ಬರ್ಗರಿನಲ್ಲಿ ಏನೇನಿರುತ್ತದೋ ಅಷ್ಟನ್ನೂ ಬನ್ನಿನ ಒಳಗೇ ತುಂಬಿ, ಬಾಯಿ ಮುಚ್ಚಿ, ಬೇಯಿಸುವುದು. ಹೋಳಿಗೆಯ ಲೆಕ್ಕ: ಕಣಕ ಹೊರಗೆ, ಹೂರಣ ಒಳಗೆ. ಜಾರುವ ಮಾತೇ ಇಲ್ಲ.

ಮಗಳಿಗೆ ಗಾಬರಿ. ಇಷ್ಟು ಗೆಳತಿಯರ ಮನೆಯವರು ಇಂದಿರಾನಗರಕ್ಕೆ ಕರೆದು ತಿನ್ನಿಸಿದ್ದಾರೆ. ತಾನು ಮನೆಗೆ ಕರೆದು ಅಜ್ಜಿಯ ಪ್ರಯೋಗ ತಿನ್ನಿಸಿದರೆ ವರ್ಷವಿಡೀ ಕ್ಲಾಸಿನಲ್ಲಿ ನಗುತ್ತಾರೆ. ನಾವು ಇಳಿಯುವ ಬೈಯಪ್ಪನಹಳ್ಳಿ ಬರುವಷ್ಟರಲ್ಲಿ ಅವಳು ಷರತ್ತು ಹಾಕಿದ್ದಳು. ಮೊದಲು ಸ್ಯಾಂಪಲ್ ತೋರಿಸಬೇಕು. ನೋಡಲು ಬನ್ನಿನ ಹಾಗೆ ಉಬ್ಬಿರಬೇಕು. ಒಳಗಿನದು ಹೊರಗೆ ಬರಬಾರದು. ಸರಿಬರದಿದ್ದರೆ ಇಂದಿರಾನಗರ, ಅಜ್ಜಿ ಬೇಜಾರು ಮಾಡಿಕೊಳ್ಳುವ ಹಾಗಿಲ್ಲ. ಅತ್ತೆ ಎಲ್ಲಕ್ಕೂ ಒಪ್ಪಿದರು.

ನನ್ನ ಮದುವೆಯ ಮಾತುಕತೆಯಲ್ಲಿ ಇಷ್ಟು ಸ್ಪಷ್ಟತೆ ಇರಲಿಲ್ಲ.

ಕೈ ಮಾತು ಕೇಳಲಿಲ್ಲ

ಮದುವೆಗೆ ಉಡುಗೊರೆಯಾಗಿ ಬಂದ ಒಂದು ಓವನ್ ನಮ್ಮಲ್ಲಿತ್ತು. ಅದರೊಳಗೆ ನಾವು ಪ್ಲಾಸ್ಟಿಕ್ ಕವರುಗಳನ್ನು ಇಡುತ್ತಿದ್ದೆವು. ಅತ್ತೆ ಕವರುಗಳನ್ನೆಲ್ಲ ತೆಗೆದು, ಒರೆಸಿ, ಅರಿಶಿನ ಕುಂಕುಮ ಹಚ್ಚಿ ಅದನ್ನು ಕೆಲಸಕ್ಕೆ ಸೇರಿಸಿಕೊಂಡರು.

ಹೂರಣ ಮೊದಲ ದಿನವೇ ಅದ್ಭುತ. ಆಲೂಗಡ್ಡೆ, ಬಟಾಣಿ, ಕ್ಯಾರೆಟ್ ಬೇಯಿಸಿ ಹಿಸುಕಿ, ಹುರಿದ ಈರುಳ್ಳಿ, ಮೆಣಸಿನ ಪುಡಿ, ತುರಿದ ಚೀಸ್. ಒಣಗಲೆಂದು ಒಂದು ಹಿಡಿ ಪುಟಾಣಿ ಹಿಟ್ಟು, ಅಂದರೆ ಹುರಿಗಡಲೆ ಹಿಟ್ಟು. ಈ ಪುಟಾಣಿ ಹಿಟ್ಟು ನಾವು ಫೋನಿನಲ್ಲಿ ನೋಡಿದ ಯಾವ ಅಡುಗೆ ವಿಡಿಯೋದಲ್ಲೂ ಇರಲಿಲ್ಲ. ವಿಡಿಯೋಗಳಲ್ಲಿ ಹೂರಣ ನೀರು ಬಿಟ್ಟುಕೊಳ್ಳುತ್ತಿತ್ತು. ಇವರದು ಉಂಡೆ ಕಟ್ಟಿದರೆ ಕಟ್ಟಿದ ಹಾಗೇ ಕೂತಿರುತ್ತಿತ್ತು. ನಾನು ಇಂಥದ್ದನ್ನು ಸುಲಭವಾಗಿ ಒಪ್ಪುವವನಲ್ಲ. ಒಪ್ಪಿದೆ. ಚಮಚದಲ್ಲಿ ಎರಡು ಸಲ ಒಪ್ಪಿದೆ.

ತೊಂದರೆ ಆಮೇಲಿನದು. ಹಿಟ್ಟಿನ ಉಂಡೆಯನ್ನು ಅಗಲಿಸಿದರು, ಹೂರಣ ಇಟ್ಟರು, ಅಂಚುಗಳನ್ನು ಮೇಲೆತ್ತಿ ಮುಚ್ಚಿದರು. ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಐವತ್ತು ವರ್ಷ ಹೋಳಿಗೆ ತಟ್ಟಿದ ಕೈ. ಮುಚ್ಚಿದ ಉಂಡೆ ಕಂಡ ತಕ್ಷಣ ತಟ್ಟಿತು.

"ಅತ್ತೆ, ತಟ್ಟುತ್ತಿದ್ದೀರಿ."

"ಅಯ್ಯೋ, ಹೌದಲ್ರಿ!"

ಎರಡನೇ ಉಂಡೆ. ಮುಚ್ಚಿದರು. ತಟ್ಟಿದರು. ಮೂರನೆಯದನ್ನು ಮುಚ್ಚಿ ಸೆರಗಿನಲ್ಲಿ ಕೈ ಸುತ್ತಿಕೊಂಡರು. ಸ್ವಲ್ಪ ಹೊತ್ತಿಗೆ ಸೆರಗಿನ ಒಳಗಿನಿಂದಲೇ ತಟ್ಟಿದರು. ಕೊನೆಗೆ ಎಲ್ಲವೂ ಕಾವಲಿಯ ಮೇಲೆ ತುಪ್ಪ ಹಾಕಿಸಿಕೊಂಡು ಬೆಂದವು.

ಮಗಳು ಸ್ಕೂಲಿನಿಂದ ಬಂದು ತಟ್ಟೆ ನೋಡಿದಳು. "ಅಜ್ಜಿ, ಇದು ಆಲೂ ಪರೋಟ."

"ತಿಂದು ನೋಡು, ಬರ್ಗರ್ ರುಚಿ ಐತಿ."

ತಿಂದಳು. ಇನ್ನೊಂದು ಕೇಳಿದಳು. ಅದನ್ನೂ ಮುಗಿಸಿ, ಬೆರಳು ನೆಕ್ಕುತ್ತ ತೀರ್ಪು ಕೊಟ್ಟಳು: "ಫೇಲ್."

ಶಿವಾಜಿನಗರದಲ್ಲಿ

ಬನ್ನು ಉಬ್ಬುವುದು ಹೇಗೆ ಎಂದು ಅನುವಾದಕನನ್ನು ಕೇಳಿ ಪ್ರಯೋಜನವಿಲ್ಲ ಎಂದು ಅತ್ತೆಗೆ ಬೇಗ ಗೊತ್ತಾಯಿತು. ಬೇಕರಿಯವರನ್ನೇ ಕೇಳಬೇಕು ಎಂದರು. ಶಿವಾಜಿನಗರದ ಗಲ್ಲಿಯೊಂದರಲ್ಲಿ, ಇನ್ನೂ ಸೌದೆ ಒಲೆ ಇರುವ ಹಳೆಯ ಬೇಕರಿಗೆ ಕರೆದುಕೊಂಡು ಹೋದೆ. ಮಾಲೀಕ ದಪ್ಪ ಮೀಸೆಯ ಸಾಹೇಬರು, ಗಲ್ಲಾದಲ್ಲಿ ಕೂತಿದ್ದರು.

ಅತ್ತೆ ಬನ್ನಿನ ಕಡೆ ನೋಡಲೇ ಇಲ್ಲ. ಗಾಜಿನ ಕಪಾಟಿನಲ್ಲಿದ್ದ ದಿಲ್‌ಪಸಂದ್ ಅವರ ಕಣ್ಣಿಗೆ ಬಿತ್ತು. ಒಳಗೆ ಸಿಹಿ ಕೊಬ್ಬರಿ, ಹೊರಗೆ ಹಿಟ್ಟಿನ ಪದರ. ಒಂದು ತುಂಡು ಕೈಗೆ ತೆಗೆದುಕೊಂಡು ಅಂಚು, ಅಡಿ ಎಲ್ಲ ತಡವಿದರು.

"ಇದರ ಬಾಯಿ ಎಲ್ಲಿ ಮುಚ್ಚೀರಿ?"

ಸಾಹೇಬರು ನನ್ನನ್ನು ನೋಡಿದರು. ನಾನು ರಸ್ತೆ ನೋಡಿದೆ.

"ಅಡಿಯಲ್ಲಿ ಬರತ್ತೆ ಅಮ್ಮಾ. ಬಾಯಿ ಕೆಳಗಡೆ ಇಡ್ಬೇಕು. ಅದರ ಭಾರ ಅದರ ಮೇಲೇ ಕೂತ್ಕೊಳ್ಳತ್ತೆ, ಬಿಚ್ಚಲ್ಲ."

"ಅದು ನಂಗೂ ಗೊತ್ತೈತಿ. ಉಬ್ಬೋದು?"

"ಉಬ್ಬೋದಕ್ಕೆ ಬಿಡ್ಬೇಕು. ಬೆಚ್ಚಗೆ ಇಟ್ಟು, ಸುಮ್ನೆ ಬಿಡ್ಬೇಕು. ಕೈ ಹಾಕ್ಬಾರ್ದು."

"ಅಲ್ಲೀತನಕ ಕೈ ಏನ್ ಮಾಡ್ಬೇಕು?"

ಅಷ್ಟು ವರ್ಷ ಬೇಕರಿ ನಡೆಸಿದವರಿಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ ಅನ್ನಿಸುತ್ತದೆ. ಸ್ವಲ್ಪ ಯೋಚಿಸಿ, "ಚಾಯ್ ಕುಡೀರಿ ಅಮ್ಮಾ" ಎಂದರು. ಅತ್ತೆ ತಲೆಯಾಡಿಸಿದರು. ಸಮಂಜಸವಾದ ಉತ್ತರ.

ಇಷ್ಟಕ್ಕೆ ಹೊರಟಿದ್ದರೆ ಚೆನ್ನಾಗಿತ್ತು. ಅತ್ತೆ ದಿಲ್‌ಪಸಂದ್ ಬಾಯಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತು ಅಗಿದರು.

"ಕೊಬ್ಬರಿ ಒಣಗೈತಿ. ಒಂದ್ ಚಮಚ ಹಾಲು ಚಿಮುಕಿಸಿ ಹುರೀರಿ. ಏಲಕ್ಕಿ ಸಿಪ್ಪೆ ಸಮೇತ ಕುಟ್ಟೀರಿ, ಗಂಟಲಿಗೆ ಸಿಗ್ತೈತಿ."

ಹಿಂದೆ ನಿಂತಿದ್ದ ಇಬ್ಬರು ಗಿರಾಕಿಗಳು ಕಪಾಟಿನತ್ತ ಚಾಚಿದ್ದ ಬೆರಳು ಹಿಂದಕ್ಕೆ ತೆಗೆದುಕೊಂಡರು. ಸಾಹೇಬರು ಗಲ್ಲಾ ಬಿಟ್ಟು ಎದ್ದು ಬಂದು, ಕೈ ಮುಗಿದು, ತಗ್ಗಿದ ದನಿಯಲ್ಲಿ ಹೇಳಿದರು:

"ಅಮ್ಮಾ, ನೀವು ಒಳಗೆ ಬಂದು ಹೇಳಿ. ಕುರ್ಚಿ ಹಾಕಿಸ್ತೀನಿ."

ಕರೆಂಟು

ಬೆಚ್ಚಗೆ ಇಡಬೇಕು ಎಂದರೆ ಡಿಸೆಂಬರ್ ತಿಂಗಳ ಬೆಂಗಳೂರಿನಲ್ಲಿ ಎಲ್ಲಿ ಇಡುವುದು? ಅತ್ತೆ ಇಡೀ ಮನೆಯನ್ನು ಅಂಗೈಯಿಂದ ಮುಟ್ಟಿ ನೋಡಿದರು. ಫ್ರಿಜ್ಜಿನ ಬೆನ್ನು, ಟಿವಿಯ ತಲೆ, ನನ್ನ ಲ್ಯಾಪ್‌ಟಾಪ್. ಕೊನೆಗೆ ನಡುಮನೆಯ ಮೂಲೆಯಲ್ಲಿರುವ ಇನ್ವರ್ಟರ್ ಆಯ್ಕೆಯಾಯಿತು. ಹಿಟ್ಟಿನ ಪಾತ್ರೆಯನ್ನು ಅದರ ಮೇಲಿಟ್ಟು ನನ್ನ ಮಫ್ಲರ್ ಸುತ್ತಿದರು.

ಆ ದಿನಗಳಲ್ಲೇ ನಮ್ಮ ಮನೆಗೆ ಪವರ್ ಕಟ್ ಶುರುವಾಯಿತು. ದಿನಾ ಬೆಳಗ್ಗೆ, ಸರಿಯಾಗಿ ನಾನು ಕೆಲಸಕ್ಕೆ ಕೂತ ಹೊತ್ತಿಗೆ. ಗೀಸರ್ ಇಲ್ಲ, ಫ್ರಿಜ್ ಇಲ್ಲ. ಫ್ಯಾನು, ಲೈಟು ಇನ್ವರ್ಟರಿನ ಕೃಪೆಯಿಂದ. ನಾನು ನಾಗರಿಕ ಸೌಲಭ್ಯಗಳ ಬಗ್ಗೆ ಮನೆಯವರಿಗೆ ಸಾಕಷ್ಟು ಉಪನ್ಯಾಸ ಕೊಟ್ಟೆ. ದೂರಿನ ನಂಬರಿಗೆ ಫೋನ್ ಮಾಡಿದಾಗ, "ನಿಮ್ಮ ಲೈನ್ ಸರಿಯಾಗಿದೆ ಸರ್" ಎಂದರು. ಎಲ್ಲರೂ ಹಾಗೇ ಹೇಳುತ್ತಾರೆ ಎಂದು ವಾದಿಸಿದೆ. ಅತ್ತೆ ತಲೆದೂಗಿ ಕೇಳುತ್ತಿದ್ದರು, ಚಾಯ್ ಕುಡಿಯುತ್ತ.

ಕೊನೆಗೆ ಇನ್ವರ್ಟರ್ ಕಿರುಚತೊಡಗಿತು. ಮೆಕ್ಯಾನಿಕ್ ಬಂದ. ಮಫ್ಲರ್ ಸುತ್ತಿಕೊಂಡ ಪಾತ್ರೆಯನ್ನು ಕಂಡು ಒಂದು ಕ್ಷಣ ನಿಂತ.

"ಸರ್, ಇದನ್ನ ತೆಗೀಬಹುದಾ?"

"ಮುಟ್ಟಬ್ಯಾಡಪ್ಪಾ" ಎಂದು ಅತ್ತೆ ಒಳಗಿನಿಂದ ಕೂಗಿದರು. "ಅರ್ಧ ಉಬ್ಬೈತಿ. ಆ ಕಡೆಯಿಂದ ನೋಡ್ಕೋ."

ಅವನು ಗೋಡೆಗೆ ಆತುಕೊಂಡು ಆ ಕಡೆಯಿಂದ ನೋಡಿದ. "ಬ್ಯಾಟರಿ ಪೂರ್ತಿ ಇಳಿದಿದೆ ಸರ್. ನಿಮ್ಮ ಏರಿಯಾದಲ್ಲಿ ಅಷ್ಟೊಂದು ಕರೆಂಟ್ ಹೋಗುತ್ತಾ?"

"ಕೇಳಬೇಡಿ" ಎಂದು ಶುರುಮಾಡಿದೆ. ನನ್ನ ಉಪನ್ಯಾಸದ ನಡುವೆ ಅವನು ಬಾಗಿಲ ಹಿಂದಿನ ಮೇನ್ ಸ್ವಿಚ್ ಹತ್ತಿರ ಹೋಗಿ ನೋಡಿ ಹೇಳಿದ:

"ಸರ್, ಇದು ಆಫ್ ಆಗಿದೆ."

ಇಬ್ಬರೂ ಒಳಗಿನಿಂದ ಬಂದು ನಿಂತಿದ್ದ ಅತ್ತೆಯ ಕಡೆ ತಿರುಗಿದೆವು. ಅವರಿಗೆ ಸಂಕೋಚವೇನೂ ಇರಲಿಲ್ಲ.

"ಕರೆಂಟ್ ಇದ್ರೆ ಅದು ತಣ್ಣಗೆ ಕೂತಿರ್ತೈತಿ ಕಣ್ರಿ. ಕೆಲಸ ಕೊಟ್ರೆ ಬೆಚ್ಚಗಾಗ್ತೈತಿ."

ಮೆಕ್ಯಾನಿಕ್ ಇದನ್ನು ಪರಿಶೀಲಿಸಿ, "ಕರೆಕ್ಟೇ ಸರ್" ಎಂದ. ಅಂದಿನ ಹಿಟ್ಟು ಪಾತ್ರೆಯ ಮುಚ್ಚಳವನ್ನು ಎತ್ತಿ ಹೊರಗೆ ಇಣುಕಿತ್ತು. ಅಷ್ಟು ಚೆಂದದ ಹಿಟ್ಟನ್ನು ನಾನು ಯಾವ ವಿಡಿಯೋದಲ್ಲೂ ಕಂಡಿರಲಿಲ್ಲ.

ಕೆಲಸ ಕೊಡದಿದ್ದರೆ ತಣ್ಣಗೆ ಕೂತಿರುತ್ತಾರೆ ಎಂಬ ಅಭಿಪ್ರಾಯ ಅವರಿಗೆ ಅಳಿಯನ ಬಗ್ಗೆಯೂ ಇದೆ ಎಂದು ಹೆಂಡತಿ ಆಮೇಲೆ ತಿಳಿಸಿದಳು.

ದೀಪ ಹಚ್ಚಿದ ಮೇಲೆ

ಹಿಟ್ಟು ಉಬ್ಬಿಸಲು ತಂದ ಈಸ್ಟ್ ಪ್ಯಾಕೆಟ್ಟಿನ ಮೇಲಿನ ಸಣ್ಣ ಅಕ್ಷರ ನನ್ನಿಂದ ಓದಿಸಿದ್ದರು. "ಇದು ಜೀವ ಇರೋದಾ?" ಎಂದು ಕೇಳಿದರು. ಹೌದು ಎಂದೆ. "ಮೊಸರಿಗೆ ಹೆಪ್ಪು ಇದ್ದಂಗಾ?" ಹೆಚ್ಚುಕಡಿಮೆ ಹಾಗೆಯೇ ಎಂದೆ.

ಆ "ಹೆಚ್ಚುಕಡಿಮೆ" ದುಬಾರಿಯಾಯಿತು. ಮಾರನೇ ದಿನದಿಂದ ಪ್ಯಾಕೆಟ್ ಕಪಾಟು ಸೇರಿತು. ಪ್ರತಿ ಸಲ ಕಲಸಿದ ಹಿಟ್ಟಿನಲ್ಲಿ ಒಂದು ನಿಂಬೆಗಾತ್ರ ತೆಗೆದಿಟ್ಟು, ಮುಂದಿನ ಹಿಟ್ಟಿಗೆ ಹೆಪ್ಪು ಹಾಕತೊಡಗಿದರು. ಬನ್ನಿನ ರುಚಿಯೇ ಬದಲಾಯಿತು. ಸಣ್ಣಗೆ ಹುಳಿ, ಘಮ, ಒಳಗೆ ಹತ್ತಿಯಂಥ ಮೆದು. ಮೇಲಿನ ಮನೆಯಲ್ಲಿ ಒಬ್ಬನೇ ಇರುವ ಸಾಫ್ಟ್‌ವೇರ್ ಹುಡುಗ ಒಂದು ತಿಂದವನು, ಮಾರನೇ ಸಂಜೆ ಬಟ್ಟಲು ಹಿಡಿದು ಬಾಗಿಲಿಗೆ ಬಂದ.

"ಆಂಟಿ, ಆ ಹಿಟ್ಟು ಸ್ವಲ್ಪ ಕೊಡ್ತೀರಾ? ನಾನೂ ಟ್ರೈ ಮಾಡ್ತೀನಿ."

"ಈಗ ಆಗಲ್ಲಪ್ಪ. ದೀಪ ಹಚ್ಚೀನಿ."

ಹುಡುಗ ದೀಪ ನೋಡಿದ. ಬಟ್ಟಲು ನೋಡಿದ. ನನ್ನನ್ನು ನೋಡಿದ.

"ದೀಪ ಹಚ್ಚಿದ ಮೇಲೆ ಹೆಪ್ಪು ಹೊರಗೆ ಕೊಡಲ್ಲ" ಎಂದು ವಿವರಿಸಿದೆ. "ಮೊಸರಿನ ನಿಯಮ. ಈಗ ಬನ್ನಿಗೂ ಅನ್ವಯಿಸಿದ್ದಾರೆ."

"ಆಂಟಿ, ನಾನು ಆಫೀಸಿಂದ ಬರೋದೇ ಏಳೂವರೆಗೆ. ಯಾವತ್ತು ಬಂದ್ರೂ ದೀಪ ಹಚ್ಚಿರ್ತೀರಲ್ಲ!"

ಅತ್ತೆಗೆ ಅವನ ಕಷ್ಟ ಅರ್ಥವಾಯಿತು. ನಿಯಮ ಸಡಿಲಿಸಲಿಲ್ಲ, ಮನೆಯಿಂದ ಕೆಲಸ ಮಾಡುವ ದಿನ ಯಾವುದೆಂದು ಕೇಳಿಟ್ಟುಕೊಂಡರು. ಆ ದಿನ ಮಧ್ಯಾಹ್ನ ಹೆಪ್ಪು ಹಿಡಿದು ತಾವೇ ಮೇಲೆ ಹೋದರು. ಅವನು ಮೀಟಿಂಗಿನಲ್ಲಿದ್ದ, ಬಾಗಿಲು ತೆರೆದಿತ್ತು, ಕ್ಯಾಮರಾ ಮೈಕು ಎರಡೂ ಆನ್. ಅತ್ತೆ ಅವನ ಬೆನ್ನ ಹಿಂದಿನ ಅಡುಗೆಕಟ್ಟೆಯಲ್ಲಿ ಪಾತ್ರೆ ಹುಡುಕಿ, ಅದು ಸರಿಯಾಗಿ ತೊಳೆದಿಲ್ಲವೆಂದು ಹೇಳಿ, ತೊಳೆದು, ಮೈದಾ ಎಷ್ಟು, ನೀರು ಎಷ್ಟು, ಎಷ್ಟು ಹೊತ್ತು ನಾದಬೇಕು, ಆಮೇಲೆ ಯಾಕೆ ಚಾಯ್ ಕುಡಿಯಬೇಕು ಎಂದು ಗಟ್ಟಿ ದನಿಯಲ್ಲಿ ಪೂರ್ತಿ ಹೇಳಿ ಇಳಿದು ಬಂದರು.

ಸಂಜೆ ಹುಡುಗ ಓಡಿ ಬಂದ. ಬೈಗುಳ ತಿಂದಿರಬೇಕು ಅಂದುಕೊಂಡೆ.

"ಆಂಟಿ, ನನ್ನ ಮ್ಯಾನೇಜರ್ ಕೇಳ್ತಿದ್ದಾರೆ, ನೀರು ಉಗುರುಬೆಚ್ಚಗಿರಬೇಕಾ ಬಿಸಿ ಇರಬೇಕಾ ಅಂತ. ಅದೊಂದು ಅವರಿಗೆ ಸರಿಯಾಗಿ ಕೇಳಿಸಲಿಲ್ವಂತೆ."

ಹುಟ್ಟುಹಬ್ಬ

ಹುಟ್ಟುಹಬ್ಬದ ಹಿಂದಿನ ದಿನದವರೆಗೂ ಒಂದು ತೊಂದರೆ ಉಳಿದೇ ಇತ್ತು. ಹಿಟ್ಟು ಉಬ್ಬುತ್ತಿತ್ತು, ಕೈ ತಟ್ಟುವುದನ್ನು ಬಿಟ್ಟಿತ್ತು, ಆದರೆ ಓವನ್ನಿನಲ್ಲಿ ಒಂದೋ ಎರಡೋ ಬನ್ನು ಬಾಯಿ ಬಿಡುತ್ತಿದ್ದವು. ಮಗಳು ಒಂದೊಂದನ್ನೂ ತಿರುಗಿಸಿ ನೋಡಿ ತುಟಿ ಕಚ್ಚುತ್ತಿದ್ದಳು. ಆದರೂ ಇಂದಿರಾನಗರ ಎಂಬ ಹೆಸರು ಅವಳ ಬಾಯಲ್ಲಿ ಬರಲಿಲ್ಲ. ಅಜ್ಜಿಯ ಮುಖ ನೋಡಿ ಸುಮ್ಮನಾಗಿದ್ದಾಳೆ ಎಂದು ನಾನು ಮೆಚ್ಚಿಕೊಂಡೆ.

ಹುಟ್ಟುಹಬ್ಬದ ದಿನ ಅತ್ತೆ ತಮ್ಮ ಕೋಣೆ, ಅಡುಗೆಮನೆ ಎಂದು ಬೆಳಗ್ಗಿನಿಂದ ಓಡಾಡುತ್ತಲೇ ಇದ್ದರು. ಸಂಜೆಗೆ ಬನ್ನುಗಳು ಬಂದವು. ದುಂಡಗೆ, ಕಂದು ಬಣ್ಣ, ಮೇಲೆ ಬೆಣ್ಣೆಯ ಹೊಳಪು, ಎಳ್ಳು. ಒಂದೂ ಬಾಯಿ ಬಿಟ್ಟಿರಲಿಲ್ಲ. ನಾನು ಎಲ್ಲವನ್ನೂ ಎತ್ತಿ ಅಡಿ ನೋಡಿದೆ, ತಪ್ಪು ಸಿಗಬಹುದೆಂದು. ಸಿಗಲಿಲ್ಲ.

ಮಕ್ಕಳು ಬಂದರು. ಕೇಕ್ ಕತ್ತರಿಸಿದ್ದಾಯಿತು, ಹಾಡಿದ್ದಾಯಿತು. ಅತ್ತೆ ಹೊಸ ಇಳಕಲ್ ಸೀರೆಯುಟ್ಟು, ದೊಡ್ಡ ತಟ್ಟೆಯಲ್ಲಿ ಬನ್ನು ಜೋಡಿಸಿಕೊಂಡು ಬಂದು ಮೊದಲನೇ ಹುಡುಗಿಯ ಮುಂದೆ ಹಿಡಿದರು.

"ಬೇಡ ಅಜ್ಜಿ, ಥ್ಯಾಂಕ್ಯೂ. ಹೊಟ್ಟೆ ತುಂಬಿದೆ."

ಎರಡನೆಯವಳ ಹೊಟ್ಟೆಯೂ ತುಂಬಿತ್ತು. ಮೂರನೆಯವನದೂ. ಅತ್ತೆಯ ನಗು ಹಾಗೇ ಇತ್ತು, ತಟ್ಟೆ ಮಾತ್ರ ಸ್ವಲ್ಪ ಕೆಳಗಿಳಿಯಿತು. ನನಗೆ ನೋಡಲಾಗಲಿಲ್ಲ. ಮಗಳು ತಲೆಯೆತ್ತಿ ಫ್ಯಾನನ್ನು ಅಧ್ಯಯನ ಮಾಡುತ್ತಿದ್ದಳು.

"ಏನ್ರೋ, ಎಲ್ಲರೂ ಊಟ ಮಾಡ್ಕೊಂಡೇ ಬಂದಿದೀರಾ?" ಎಂದಳು ಹೆಂಡತಿ.

"ಹೌದು ಆಂಟಿ" ಎಂದಿತು ತುದಿಯಲ್ಲಿ ಕೂತ ಕನ್ನಡಕದ ಪುಟ್ಟ ಹುಡುಗಿ. "ಇವಳೇ ಹೇಳಿದ್ಲು. ತಿಂದ್ಕೊಂಡು ಬನ್ನಿ, ನಮ್ಮಜ್ಜಿದು ಸರಿ ಬರುತ್ತೋ ಇಲ್ವೋ ಗೊತ್ತಿಲ್ಲ ಅಂತ."

ಅತ್ತೆ ತಟ್ಟೆಯನ್ನು ಮೇಜಿನ ಮೇಲಿಟ್ಟರು. ಆಗ ಕ್ಲಾಸಿನ ದಾಂಡಿಗ ಹುಡುಗನೊಬ್ಬ ಸುಮ್ಮನೆ ಕುತೂಹಲಕ್ಕೆ ಒಂದು ಬನ್ನು ಎತ್ತಿಕೊಂಡ. ಮೇಲೆ ನೋಡಿದ, ಕೆಳಗೆ ನೋಡಿದ. ಬರ್ಗರ್ ಎಂದು ಹೇಳಿ ಬರೀ ಬನ್ನು ಕೊಟ್ಟಿದ್ದಾರೆ ಎಂಬ ಅನುಮಾನದಿಂದ ಕಚ್ಚಿದ. ಚೀಸ್ ದಾರದಂತೆ ಎಳೆಯಿತು.

"ಏ ಮಗಾ! ಎಲ್ಲಾ ಒಳಗೇ ಇದೆ!"

ಮುಂದಿನದನ್ನು ವಿವರಿಸುವುದು ಕಷ್ಟ. ತುಂಬಿದ ಹೊಟ್ಟೆಗಳೆಲ್ಲ ಎದ್ದು ಬಂದವು. ಕನ್ನಡಕದ ಹುಡುಗಿ ಎರಡು ಕೈಯಲ್ಲಿ ಎರಡು ಹಿಡಿದಿತ್ತು. ಒಬ್ಬರ ಫ್ರಾಕಿಗೂ ಒಂದು ಹನಿ ಬೀಳಲಿಲ್ಲ. ಹುಟ್ಟುಹಬ್ಬ ನಮ್ಮ ಮಗಳದು, ಅವಳಿಗೇ ಅರ್ಧ ಸಿಕ್ಕಿತು, ಅದೂ ಜಗಳವಾಡಿದ ಮೇಲೆ. ತಟ್ಟೆಯಲ್ಲಿ ಎಳ್ಳು ಉಳಿಯಿತು. ದಾಂಡಿಗ ಬೆರಳಿಗೆ ಅಂಟಿಸಿಕೊಂಡು ಅದನ್ನೂ ಮುಗಿಸಿದ. "ನೆಕ್ಸ್ಟ್ ವೀಕ್ ನನ್ ಬರ್ತ್‌ಡೇ, ನಮ್ಮನೆಗೂ ಬನ್ನಿ ಅಜ್ಜಿ" ಎಂದ.

ಅತ್ತೆ ಹಿಗ್ಗಿನಿಂದ ಕೆಂಪಾಗಿ ನಿಂತಿರುವಾಗ ಬೆಲ್ ಆಯಿತು. ಡೆಲಿವರಿಯವನು. ಕೈಯಲ್ಲಿ ಇಂದಿರಾನಗರದ ಅದೇ ಬರ್ಗರ್ ಅಂಗಡಿಯ ಎರಡು ದೊಡ್ಡ ಚೀಲ.

ಅತ್ತೆ ನನ್ನನ್ನು ನೋಡಿದರು. ನಾನು ಹೆಂಡತಿಯನ್ನು ನೋಡಿದೆ. ಹೆಂಡತಿ ಚೀಲ ಇಸಿದುಕೊಂಡು, "ಅಲ್ಲಮ್ಮಾ, ಅಕಸ್ಮಾತ್ ಅಂತ..." ಎಂದಳು.

ನಾನು ಯಾವ ಬರ್ಗರನ್ನೂ ತರಿಸಿರಲಿಲ್ಲ. ಮೆಡಿಕಲ್ ಶಾಪಿಗೆ ಹೋಗಿ ಅಜೀರ್ಣದ ಮಾತ್ರೆ ತಂದಿಟ್ಟಿದ್ದೆ, ಅಷ್ಟೇ. ಅದನ್ನು ಹೆಂಡತಿ ತಕ್ಷಣ ಎಲ್ಲರಿಗೂ ತಿಳಿಸಿದಳು.

ಮಕ್ಕಳು ಹೋದ ಮೇಲೆ ಅತ್ತೆ ಕೋಣೆಗೆ ಹೋಗಿ ಮಂಚದ ಮೇಲೆ ಕೂತರು. ನಾವು ಮೂವರೂ ಬಾಗಿಲಲ್ಲಿ ಸಾಲಾಗಿ ನಿಂತೆವು.

"ಮೊಮ್ಮಗಳು ನಂಬಲಿಲ್ಲ. ಹೊಟ್ಟೇಲಿ ಹುಟ್ಟಿದ ಮಗಳು ನಂಬಲಿಲ್ಲ. ಓದಿದ ಅಳಿಯಂದ್ರು ಮಾತ್ರೆ ತಂದಿಟ್ಟಾರ. ಈ ಮನ್ಯಾಗೆ ನನ್ನ ಮೇಲೆ ಒಬ್ರಿಗಾದ್ರೂ ನಂಬಿಕೆ ಐತೇನು?"

ಮಗಳು ಅಳುಮುಖ ಮಾಡಿಕೊಂಡು, "ಸಾರಿ ಅಜ್ಜಿ" ಎನ್ನುತ್ತ ಹೋಗಿ ಪಕ್ಕದಲ್ಲಿ ಕೂತಳು. ಕೂತಾಗ ಕಾಲಿಗೆ ಏನೋ ಬಡಿದು ಡಣ್ ಎಂದಿತು. ಬಗ್ಗಿ ಮಂಚದ ಕೆಳಗಿನಿಂದ ಎಳೆದಳು.

ದೊಡ್ಡ ಪಾತ್ರೆ. ಮೇಲೆ ಬಿಳಿ ಪಂಚೆ ಮುಚ್ಚಿತ್ತು. ತೆಗೆದರೆ ಅಂಚಿನ ತನಕ ಚಿತ್ರಾನ್ನ. ಹೂವಿನಂತೆ ಬಿಡಿಬಿಡಿ ಅನ್ನ, ಕಡಲೆಕಾಯಿ ಬೀಜ, ಕೊತ್ತಂಬರಿ ಸೊಪ್ಪು. ಇಪ್ಪತ್ತು ಮಕ್ಕಳು ಎರಡೆರಡು ಸಲ ಹಾಕಿಸಿಕೊಂಡು ತಿನ್ನಬಹುದಾದಷ್ಟು.

"ಅಜ್ಜಿ, ಇದೇನು?"

ಅತ್ತೆ ಸೆರಗು ಸರಿಮಾಡಿಕೊಂಡರು. ಕಿಟಕಿಯಾಚೆ ನೋಡಿದರು. ಆಮೇಲೆ ನಮ್ಮ ಮೂವರ ಮೇಲೇ ರೇಗಿದರು:

"ಮತ್ತೇನ್ ಮಾಡ್ಲಿ? ಬಂದ ಮಕ್ಕಳನ್ನ ಉಪವಾಸ ಕಳಿಸಕ್ಕಾಗ್ತೈತೇನು? ಬರ್ಗರ್ ಮಾಡ್ತೀನಿ ಅನ್ನೋ ದಾವಣಗೆರೆ ಮುದುಕೀನ ನಂಬ್ಕೊಂಡು ಕೂರಕ್ಕೆ ನನಗೇನು ಹುಚ್ಚೇ?"